ಪರದೇಶದ ವಿದ್ಯಾರ್ಥಿನಿಲಯಕ್ಕೆ ಹೊರಡುವ ಮುನ್ನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಒಕ್ಕಲು ಮನೆತನಗಳಿಂದ ಉನ್ನತ ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೋಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಶ್ರಾವಣ, ಭಾದ್ರಪದ ಮಾಸಗಳು ಸಮೀಪಿಸಿದಂತೆ ಇಂತಹ ಮಕ್ಕಳನ್ನು ಕರೆದುಕೊಂಡು ತಾಯಿತಂದೆಗಳು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಅವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಮಗು ಅಲ್ಲಿಯ ಹಾಸ್ಟೆಲಿನಲ್ಲಿ ಇರಬೇಕಾಗಿದೆ, ಯಾವ ಔಷಧಿ ಕಟ್ಟಿಕೊಡುತ್ತೀರಿ?” ಔಷಧಿಗಿಂತ ಮೊದಲು ಕಟ್ಟಿಕೊಡಬೇಕಾದದ್ದು ಅಭ್ಯಾಸವನ್ನು ಎಂಬುದು ನಮ್ಮ ಉತ್ತರ. ಆ ಉತ್ತರವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಮನೆ ಬಿಟ್ಟು ಹೋಗಿ ಓದುವುದು ನಮ್ಮ ನಾಡಿಗೆ ಹೊಸದಲ್ಲ. ಸವದತ್ತಿ ತಾಲೂಕಿನ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದ ಮೂಲಕ ಒಪ್ಪಿಸಿದರು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳಿಗೆ ಲೆಕ್ಕವಿಲ್ಲ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಜನಿಸಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ, ಮರಳಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಶಿ. ಚೆ. ನಂದೀಮಠರು ಲಂಡನ್ ವಿಶ್ವವಿದ್ಯಾಲಯದಲ್ಲಿ ವೀರಶೈವ ವಿಷಯವನ್ನೇ ಕುರಿತು ಸಂಶೋಧನೆ ನಡೆಸಿದರು. ಇಂದು ಹೊರಡುವ ಮಕ್ಕಳು ಈ ಹಿರಿಯರ ದಾರಿಯನ್ನೇ ತುಳಿಯುತ್ತಿದ್ದಾರೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಕಾಲದಲ್ಲಿ ಮುಂಬಯಿಯಿಂದ ಹಡಗು ಹತ್ತಿದವರು ಇಂಗ್ಲೆಂಡನ್ನು ಮುಟ್ಟಲು ಎರಡು-ಮೂರು ವಾರ ಹಿಡಿಯುತ್ತಿತ್ತು. ದಿನದಿನಕ್ಕೆ ಗಾಳಿ ತಂಪಾಗುತ್ತ, ಹೊತ್ತು ಸರಿಯುತ್ತ, ಊಟ ಬದಲಾಗುತ್ತ ಹೋಗಿ, ದಡ ಸೇರುವಷ್ಟರಲ್ಲಿ ದೇಹವು ಅರ್ಧ ಒಗ್ಗಿರುತ್ತಿತ್ತು. ಈಗ ಹಾಗಿಲ್ಲ. ಇಂದು ಬೈಲಹೊಂಗಲದಲ್ಲಿ ರೊಟ್ಟಿ ಉಂಡವನು ನಾಳೆ ಲಂಡನ್ನಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಎದ್ದು ಕೂಡುತ್ತಾನೆ. ಹಡಗು ಕೊಡುತ್ತಿದ್ದ ಅವಕಾಶವನ್ನು ವಿಮಾನ ಕಸಿದುಕೊಂಡಿದೆ. ಅದನ್ನು ನಾವು ಮನೆಯಲ್ಲಿಯೇ ಒದಗಿಸಿಕೊಳ್ಳಬೇಕು.

ಪಾದಾಂಶಿಕ ಕ್ರಮ

ದೇಹಕ್ಕೆ ಒಗ್ಗಿದ್ದನ್ನು ಆಯುರ್ವೇದವು ಸಾತ್ಮ್ಯವೆಂದು ಕರೆಯುತ್ತದೆ. ಬಹುಕಾಲದ ರೂಢಿಯಿಂದ ಒಗ್ಗಿದ್ದು ಓಕಸಾತ್ಮ್ಯ. ಇಂತಹ ರೂಢಿಯನ್ನು ಹಠಾತ್ತನೆ ಕಡಿದರೆ, ಬಿಟ್ಟ ವಸ್ತು ಕೆಟ್ಟದ್ದೇ ಆಗಿದ್ದರೂ ದೇಹ ಕೆರಳುತ್ತದೆ. ಆದುದರಿಂದಲೇ ಚರಕಸಂಹಿತೆಯ ಸೂತ್ರಸ್ಥಾನವು ಹಳೆಯದನ್ನು ನಾಲ್ಕರಲ್ಲೊಂದು ಪಾಲಿನಂತೆ ಬಿಡುತ್ತ, ಹೊಸದನ್ನು ಅಷ್ಟಷ್ಟೇ ಹಿಡಿಯುತ್ತ ಬರಬೇಕೆಂದು ವಿಧಿಸಿದೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು.

ಇದನ್ನು ಪರದೇಶಕ್ಕೆ ಹೊರಡುವವರಿಗೆ ಅನ್ವಯಿಸಿ ನಾವು ನಾಲ್ಕು ವಾರಗಳ ಸಿದ್ಧತೆಯನ್ನು ಸೂಚಿಸುತ್ತೇವೆ. ಮೊದಲನೆಯ ವಾರ ಬೆಳಗಿನ ಉಪಾಹಾರ ಬದಲಾಗಲಿ: ಓಟ್ಸ್ ಗಂಜಿ, ಬ್ರೆಡ್ಡು, ಹಾಲು, ಹಣ್ಣು. ಎರಡನೆಯ ವಾರ ಮಧ್ಯಾಹ್ನದ ಊಟ ಹಗುರವಾಗಿ, ಡಬ್ಬಿಯಲ್ಲಿ ತಣ್ಣಗಾದದ್ದೇ ಇರಲಿ. ತರಗತಿಗಳ ನಡುವೆ ಅಲ್ಲಿ ಸಿಗುವುದು ಅದೇ. ಮೂರನೆಯ ವಾರ ರಾತ್ರಿಯ ಅಡಿಗೆಯನ್ನು ಮಗುವೇ ಮಾಡಲಿ. ನಾಲ್ಕನೆಯ ವಾರ ತನ್ನ ಬಟ್ಟೆ ತಾನೇ ಒಗೆದು, ತನ್ನ ಕೋಣೆ ತಾನೇ ಗುಡಿಸಿ, ಖರ್ಚಿನ ಲೆಕ್ಕ ಬರೆದು, ಯಾರೂ ಎಬ್ಬಿಸದೆ ಏಳಲಿ. ಒಂದು ತಿಂಗಳು ಹೀಗೆ ನಡೆದವರು ಅಲ್ಲಿ ಮೊದಲ ತಿಂಗಳು ಕಂಗೆಡುವುದು ಕಡಿಮೆ.

ನಮ್ಮ ನಾಲ್ಕು ತಾಲೂಕುಗಳ ಮಕ್ಕಳಲ್ಲಿಯೂ ದೇಶಭೇದವಿದೆ. ಕಿತ್ತೂರಿನ ಪಡುವಣ ಸೆರಗು ಮಲೆನಾಡಿಗೆ ಹತ್ತಿರ. ಅಲ್ಲಿಯ ಮಗುವಿಗೆ ಜಿಟಿಜಿಟಿ ಮಳೆ, ಹಸಿ ಗೋಡೆ, ಮೋಡದ ಹಗಲು ಅಪರಿಚಿತವಲ್ಲ. ಸವದತ್ತಿ, ರಾಮದುರ್ಗಗಳು ಬಯಲು ಸೀಮೆ. ಶಾಸ್ತ್ರದ ಭಾಷೆಯಲ್ಲಿ ಜಾಂಗಲ ದೇಶದ ಲಕ್ಷಣ ಹೆಚ್ಚು. ಇಂಗ್ಲೆಂಡಿನಂತಹ ತಂಪು-ತೇವದ ನಾಡಿಗೆ ಆನೂಪ ದೇಶದ ಗುಣ. ಒಣ ಬಿಸಿಲಲ್ಲಿ ಬೆಳೆದವರಿಗೆ ಅಲ್ಲಿ ಕಫ ಕಟ್ಟುವುದು, ಮೂಗು ಸೋರುವುದು, ಮೈ ಭಾರವಾಗುವುದು ಬೇಗ. ಒದ್ದೆ ಕಾಲುಚೀಲ ಬದಲಿಸುವುದು, ಕಿವಿ ಮುಚ್ಚಿಕೊಳ್ಳುವುದು, ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಪದರು ತೊಡುವುದು ಇವೇ ಅಲ್ಲಿಯ ಮೊದಲ ಔಷಧಿ.

ಆಹಾರ: ಹಂಚಿಕೊಂಡ ಅಡಿಗೆಮನೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಶಾಸ್ತ್ರಕಾರರು ದೇಹಕ್ಕೆ ಆಸರೆಯಾದ ತ್ರಯೋಪಸ್ತಂಭಗಳೆಂದು ಎಣಿಸಿದ್ದಾರೆ. ವಿದ್ಯಾರ್ಥಿನಿಲಯದ ಜೀವನವನ್ನು ಈ ಮೂರು ಕಂಬಗಳ ಮೇಲೆಯೇ ನಿಲ್ಲಿಸಿ ನೋಡೋಣ.

ನಮ್ಮ ಪ್ರಸಾದನಿಲಯದಲ್ಲಿ ಗಂಟೆ ಬಾರಿಸಿದೊಡನೆ ಪಂಕ್ತಿ ಕೂಡುತ್ತದೆ. ಯುರೋಪಿನ ಬಹಳಷ್ಟು ವಿದ್ಯಾರ್ಥಿನಿಲಯಗಳಲ್ಲಿ ಬಡಿಸುವವರಿಲ್ಲ. ನಾಲ್ಕಾರು ಕೋಣೆಗಳಿಗೆ ಒಂದು ಅಡಿಗೆಮನೆ, ಒಂದು ಶೀತಪೆಟ್ಟಿಗೆ. ಅದರಲ್ಲಿ ನಿಮ್ಮ ಪಾಲಿಗೆ ಒಂದು ಅರೆ. ಪಕ್ಕದ ಅರೆಯಲ್ಲಿ ಬೇರೆ ದೇಶದವರ ಮಾಂಸಾಹಾರ ಇರುತ್ತದೆ. ಶಾಕಾಹಾರಿ ಮನೆತನದ ಮಗುವಿಗೆ ಮೊದಲ ಮುಜುಗರ ಇಲ್ಲಿಯೇ. ಇದಕ್ಕೆ ಉಪಾಯ ಸರಳ: ಸ್ವಂತದ ಒಂದು ಸಣ್ಣ ಕುಕ್ಕರ್, ಒಂದು ಬಾಣಲೆ, ಒಂದು ತವೆ, ಒಂದು ಚಾಕು, ಒಂದು ಹೆಚ್ಚುವ ಹಲಗೆ, ಮುಚ್ಚಳ ಬಿಗಿಯಾದ ಡಬ್ಬಿಗಳು. ಅವನ್ನು ಬಳಸಿದ ಮೇಲೆ ತೊಳೆದು ಕೋಣೆಯಲ್ಲಿಯೇ ಇಟ್ಟುಕೊಳ್ಳಬೇಕು. ಒಲೆ ಇಂಡಕ್ಷನ್ ಆಗಿದ್ದರೆ ಅದಕ್ಕೆ ಹೊಂದುವ ತಳದ ಪಾತ್ರೆಯೇ ಬೇಕು. ಬರೀ ಅಲ್ಯುಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಪಾತ್ರೆ ಬೇರೆ ಇರಲಿ, ಪಂಕ್ತಿ ಬೇರೆಯಾಗುವುದು ಬೇಡ. ತನ್ನ ಆಚಾರವನ್ನು ತಾನು ನಡೆಸುವುದು ಒಂದು, ಪಕ್ಕದವನ ತಟ್ಟೆಯನ್ನು ನೋಡಿ ಮೂಗು ಮುರಿಯುವುದು ಇನ್ನೊಂದು. ಎರಡನೆಯದು ಶರಣರ ಮಕ್ಕಳಿಗೆ ಒಪ್ಪುವ ನಡತೆಯಲ್ಲ.

ನಮ್ಮ ಕಡೆಯಿಂದಲೂ ಪರರಿಗೆ ಅಪಾಯವಾಗದಂತೆ ನೋಡಿಕೊಳ್ಳಬೇಕು. ಶೇಂಗಾ ಚಟ್ನಿಯಿಲ್ಲದೆ ನಮ್ಮ ಊಟವಿಲ್ಲ. ಆದರೆ ಶೇಂಗಾ ಕೆಲವರಿಗೆ ಪ್ರಾಣಾಂತಕ ಅಲರ್ಜಿಯನ್ನು ಉಂಟುಮಾಡುತ್ತದೆ. ಅದರ ಪುಡಿ ಅಂಟಿದ ಚಮಚ ಸಾಕು, ಗಂಟಲು ಊದಿ ಉಸಿರು ಕಟ್ಟಬಹುದು. ಅಡಿಗೆಮನೆ ಹಂಚಿಕೊಳ್ಳುವವರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕು. ಅಂಥವರಿದ್ದರೆ ಶೇಂಗಾ ಡಬ್ಬಿಯನ್ನು ಬೇರೆಯಿಟ್ಟು, ಅಗಸಿ ಮತ್ತು ಗುರೆಳ್ಳು ಚಟ್ನಿಯಿಂದ ತೃಪ್ತಿಪಡಬೇಕು. ಎಳ್ಳಿಗೂ ಕೆಲವರಿಗೆ ಅಲರ್ಜಿ ಇರುತ್ತದೆಂಬುದು ನೆನಪಿರಲಿ. ಒಗ್ಗರಣೆಯ ಹೊಗೆಗೆ ಅಲ್ಲಿ ಹೊಗೆಗಂಟೆ ಬಾರಿಸಿ, ಇಡೀ ಕಟ್ಟಡದವರು ಚಳಿಯಲ್ಲಿ ಅಂಗಳಕ್ಕೆ ಇಳಿಯಬೇಕಾಗುವುದುಂಟು. ಒಲೆಯ ಮೇಲಿನ ಗಾಳಿಯಂತ್ರ ಹಚ್ಚಿ, ಸಣ್ಣ ಉರಿಯಲ್ಲಿ ಒಗ್ಗರಣೆ ಕೊಡುವುದನ್ನು ಇಲ್ಲಿಯೇ ಕಲಿಯಲಿ.

ಕಲಿಯಬೇಕಾದ ಅಡಿಗೆ ಐದು ಸಾಕು: ಹೆಸರುಬೇಳೆಯ ಕಿಚಡಿ, ಉಪ್ಪಿಟ್ಟು, ಜುಣಕ, ಮಡಕಿಕಾಳಿನ ಪಲ್ಯ, ಬೇಳೆಸಾರು. ಗಂಡುಮಕ್ಕಳಿಗೆ ಇದನ್ನು ಕಲಿಸಲು ಹಿಂಜರಿಯುವ ಮನೆಗಳು ಇನ್ನೂ ಇವೆ. ದಾಸೋಹದ ಪರಂಪರೆಯಲ್ಲಿ ಸೌಟು ಹಿಡಿದ ಗಂಡಸರು ಎಷ್ಟು ಜನ ಎಂಬುದನ್ನು ಯಾವುದೇ ಮಠದ ಜಾತ್ರೆಯಲ್ಲಿ ನೋಡಬಹುದು. ಜೋಳದ ಕಡಕ್ ರೊಟ್ಟಿ ಒಣಗಿದ್ದರೆ ಬಹುದಿನ ಕೆಡುವುದಿಲ್ಲ. ಮೊದಲ ವಾರಗಳಿಗೆ ಅದಕ್ಕಿಂತ ಒಳ್ಳೆಯ ಬುತ್ತಿಯಿಲ್ಲ. ಜೋಳದ ಹಿಟ್ಟು ಮಾತ್ರ ಬೇಗ ಕಹಿಯಾಗುತ್ತದೆ, ಹೆಚ್ಚು ಒಯ್ಯಬಾರದು.

ನಮ್ಮ ಮಕ್ಕಳು ಹೊರಡುವುದು ಸಾಮಾನ್ಯವಾಗಿ ಮಳೆಗಾಲದಲ್ಲಿ. ವರ್ಷಾಋತುವಿನಲ್ಲಿ ಜಠರಾಗ್ನಿ ಮಂದ. ಅಲ್ಲಿ ಮುಟ್ಟಿ ಎರಡು ತಿಂಗಳಲ್ಲಿ ಕಡುಚಳಿ. ಹೇಮಂತದಲ್ಲಿ ಅಗ್ನಿ ಪ್ರಬಲವಾಗುತ್ತದೆ. ತಕ್ಕ ಆಹಾರ ದೊರೆಯದಿದ್ದರೆ ಅದು ದೇಹದ ರಸವನ್ನೇ ಸುಡುತ್ತದೆಂದು ಚರಕರು ಎಚ್ಚರಿಸಿದ್ದಾರೆ. ಹಸಿವು ಹೆಚ್ಚಿದ ಹೊತ್ತಿನಲ್ಲಿ ಬಿಸ್ಕಿಟು, ಚಿಪ್ಸು, ಕಾಫಿಗಳಿಂದ ಹೊಟ್ಟೆ ತುಂಬಿಸುವುದೇ ಅಲ್ಲಿಯ ಬಹುಪಾಲು ತೊಂದರೆಗಳ ಬೇರು. ದಿನಕ್ಕೆ ಒಂದು ಹೊತ್ತಾದರೂ ಬೇಳೆ, ತರಕಾರಿ, ಬೆಣ್ಣೆಯೋ ತುಪ್ಪವೋ ಕೂಡಿದ ಬಿಸಿ ಊಟ ಇರಲೇಬೇಕು.

ನಿದ್ರೆ: ಎರಡು ಗಡಿಯಾರಗಳ ನಡುವೆ

ಡಿಸೆಂಬರಿನಲ್ಲಿ ಲಂಡನ್ನಿನ ಹಗಲು ಸುಮಾರು 8 ಗಂಟೆ ಮಾತ್ರ; ಜೂನಿನಲ್ಲಿ 16 ಗಂಟೆಗೂ ಹೆಚ್ಚು. ಸೂರ್ಯನನ್ನು ನೋಡಿ ಏಳುವ ರೂಢಿ ಅಲ್ಲಿ ನಡೆಯದು. ಗಡಿಯಾರವನ್ನು ನೋಡಿಯೇ ಏಳಬೇಕು, ಎದ್ದ ಮೇಲೆ ಮೋಡವಿದ್ದರೂ ಅರ್ಧ ಗಂಟೆ ಹೊರಗೆ ನಡೆಯಬೇಕು. ಚಳಿಗಾಲದ ಮಂಕು ಎಷ್ಟೋ ಮಕ್ಕಳಲ್ಲಿ ಬೆಳಕಿನ ಕೊರತೆಯಿಂದ ಬರುತ್ತದೆ. ಅದನ್ನು ಸೋಮಾರಿತನವೆಂದು ತಾಯಿತಂದೆಗಳು ಗದರಿಸಬಾರದು. ಅಕ್ಟೋಬರಿನಿಂದ ಮಾರ್ಚಿನವರೆಗೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ವಿಟಮಿನ್ ಡಿ ತೆಗೆದುಕೊಳ್ಳುವುದು ಒಳ್ಳೆಯದೆಂದು ಬ್ರಿಟನ್ನಿನ ಆರೋಗ್ಯ ಸೇವೆ ಎಲ್ಲರಿಗೂ ಸಲಹೆ ನೀಡುತ್ತದೆ. ನಮ್ಮ ಮೈಬಣ್ಣದವರಿಗೆ ಅದು ಇನ್ನೂ ಅಗತ್ಯ.

ಇಲ್ಲಿ ಹಿರಿಯರಿಗೂ ಒಂದು ಮಾತು. ಚಳಿಗಾಲದಲ್ಲಿ ನಮ್ಮ ಗಡಿಯಾರ ಬ್ರಿಟನ್ನಿಗಿಂತ ಐದೂವರೆ ಗಂಟೆ, ಜರ್ಮನಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಈ ಅಂತರ ಒಂದು ಗಂಟೆ ಕಡಿಮೆ. ತಾಯಿ ಬೆಳಿಗ್ಗೆ 6ಕ್ಕೆ ಪೂಜೆ ಮುಗಿಸಿ ಪ್ರೀತಿಯಿಂದ ಫೋನು ಮಾಡಿದರೆ ಲಂಡನ್ನಿನಲ್ಲಿ ನಡುರಾತ್ರಿ ಹನ್ನೆರಡೂವರೆ. ಮಗು ನಿದ್ದೆಗಣ್ಣಿನಲ್ಲಿ ಮಾತಾಡುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ನಮ್ಮ ರಾತ್ರಿ 8ರ ಸುಮಾರಿಗೆ, ವಾರಕ್ಕೆ ಎರಡು-ಮೂರು ದಿನ, ಗೊತ್ತುಮಾಡಿಕೊಂಡ ಹೊತ್ತಿನಲ್ಲಿ ಮಾತಾಡುವುದು ಇಬ್ಬರಿಗೂ ಹಿತ.

ದುಡಿದು ಓದುವುದು ಕಾಯಕಧರ್ಮಕ್ಕೆ ಒಪ್ಪುವಂಥದೇ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿಯಿದೆ. ಮಿತಿ ಮೀರಿ, ಕದ್ದು, ರಾತ್ರಿಪಾಳಿಯಲ್ಲಿ ದುಡಿದರೆ ವೀಸಾಕ್ಕೂ ಅಪಾಯ, ಓಜಸ್ಸಿಗೂ ನಷ್ಟ. ಹೊಲ ಅಡವಿಟ್ಟು ಕಳುಹಿಸಿದ್ದೇವೆಂಬ ಮಾತನ್ನು ಫೋನಿನಲ್ಲಿ ಪದೇ ಪದೇ ನೆನಪಿಸುವುದರಿಂದ ಮಗು ಒಂದು ಹೊತ್ತಿನ ಊಟ ಬಿಡುತ್ತದೆ, ಒಂದು ರಾತ್ರಿಯ ನಿದ್ದೆ ಬಿಡುತ್ತದೆ, ಸಾಲ ತೀರುವುದಿಲ್ಲ. ಹಣದ ಲೆಕ್ಕವನ್ನು ಹೊರಡುವ ಮೊದಲು ಕುಳಿತು ಒಮ್ಮೆ ನಿಚ್ಚಳವಾಗಿ ಮಾತಾಡಿ ಮುಗಿಸಬೇಕು.

ಬ್ರಹ್ಮಚರ್ಯ: ಇಂದ್ರಿಯಗಳ ಹಿಡಿತ

ಬ್ರಹ್ಮಚರ್ಯವೆಂದರೆ ಇಂದ್ರಿಯಗಳಿಗೆ ತಾನು ಒಡೆಯನಾಗಿರುವುದು. ಪರದೇಶದ ವಿದ್ಯಾರ್ಥಿನಿಲಯದಲ್ಲಿ ಕಾವಲುಗಾರ ವಾರ್ಡನ್ ಇರುವುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಂದೆ ಎಂದು ಕೇಳುವವರಿಲ್ಲ. ಮದ್ಯವು ಅಲ್ಲಿ ಸ್ನೇಹದ ಸಾಮಾನ್ಯ ಸಾಧನ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು ಮಿತ ಪ್ರಮಾಣದಲ್ಲಿ ಗಾಂಜಾ ಇಟ್ಟುಕೊಳ್ಳುವುದೂ ಅಪರಾಧವಲ್ಲ. ಕಾನೂನು ಬಿಟ್ಟದ್ದೆಲ್ಲ ದೇಹಕ್ಕೆ ಪಥ್ಯವಲ್ಲ ಎಂಬ ವಿವೇಕ ಮಗುವಿನಲ್ಲಿ ಇರಬೇಕು. ತಿಳಿದೂ ತಪ್ಪುವುದನ್ನು ಶಾಸ್ತ್ರವು ಪ್ರಜ್ಞಾಪರಾಧವೆಂದು ಕರೆದು, ರೋಗಕಾರಣಗಳಲ್ಲಿ ಮುಖ್ಯ ಸ್ಥಾನ ಕೊಟ್ಟಿದೆ. “ನಾನು ಕುಡಿಯುವುದಿಲ್ಲ” ಎಂದು ನಗುತ್ತ, ವಿವರಣೆ ಕೊಡದೆ ಹೇಳಿ, ಗೆಳೆಯರ ಜೊತೆ ಕುಳಿತಿರುವುದನ್ನು ಕಲಿಯಬೇಕು. ಕೋಣೆಯ ಬಾಗಿಲು ಹಾಕಿಕೊಂಡು ಒಂಟಿಯಾಗುವುದು ಅದಕ್ಕಿಂತ ದೊಡ್ಡ ಅಪಾಯ.

ಇಷ್ಟಲಿಂಗಪೂಜೆಯನ್ನು ಬಿಡಬೇಕಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಬಿಡಬೇಕಾಗಿಲ್ಲ. ಸ್ಥಾವರ ಗುಡಿಯನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವಿಲ್ಲದ ಪೂಜೆ ನಮ್ಮದು. ಹತ್ತಡಿ ಕೋಣೆಯಲ್ಲಿ, ಹಾಸಿಗೆಯ ಅಂಚಿನಲ್ಲಿ ಕುಳಿತರೂ ನಡೆಯುತ್ತದೆ. ಆದರೆ ದೀಪ, ಧೂಪ, ಕರ್ಪೂರ, ಊದುಬತ್ತಿಗಳನ್ನು ಅಲ್ಲಿಯ ಕೋಣೆಗಳಲ್ಲಿ ಸಾಮಾನ್ಯವಾಗಿ ಹಚ್ಚಗೊಡುವುದಿಲ್ಲ. ನೀರು, ವಿಭೂತಿ, ಒಂದು ಹೂವು ಅಥವಾ ಪತ್ರೆ, ಹದಿನೈದು ನಿಮಿಷದ ಏಕಾಗ್ರತೆ ಇವಿಷ್ಟೇ ಸಾಕು. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿಯೇ, ಹೆಸರು ಬರೆದ ಪೊಟ್ಟಣದಲ್ಲಿ ದೊಡ್ಡ ಸಾಮಾನಿನಲ್ಲಿ ಇಡುವುದು ಲೇಸು. ಹೆಸರಿಲ್ಲದ ಬಿಳಿ ಪುಡಿ ತಪಾಸಣೆಯವರಿಗೆ ಸಂಶಯ ಹುಟ್ಟಿಸುತ್ತದೆ. ಲಿಂಗವನ್ನು ನಿರೀಕ್ಷಿಸುತ್ತ ಕೂಡುವ ಈ ಹೊತ್ತು ಮನಸ್ಸಿಗೆ ದಿನದ ಲಂಗರು. ವೈದ್ಯದೃಷ್ಟಿಯಿಂದಲೂ ನಾವು ಇದನ್ನು ತಪ್ಪಿಸಬೇಡಿರೆಂದೇ ಹೇಳುತ್ತೇವೆ.

ಪೆಟ್ಟಿಗೆಯಲ್ಲಿ ಏನಿರಬಾರದು

ಪ್ರೀತಿಯಿಂದ ಕಟ್ಟಿದ ಬುತ್ತಿ ವಿಮಾನನಿಲ್ದಾಣದ ಕಸದ ಬುಟ್ಟಿಗೆ ಬೀಳುವುದು ಅಥವಾ ಮಗುವನ್ನು ಸಂಕಟಕ್ಕೆ ಸಿಕ್ಕಿಸುವುದು ಬೇಡ. ನಮ್ಮ ದೇಶದಿಂದ ಹಾಲಿನ ಪದಾರ್ಥಗಳನ್ನು ಸ್ವಂತ ಸಾಮಾನಿನಲ್ಲಿ ತರುವುದನ್ನು ಯುರೋಪ್ ಒಕ್ಕೂಟವೂ ಬ್ರಿಟನ್ನೂ ನಿಷೇಧಿಸಿವೆ. ಬೆಳಗಾವಿಯ ಕುಂದಾ, ಧಾರವಾಡದ ಪೇಡೆ, ಮನೆಯ ತುಪ್ಪ ಮೂರೂ ಈ ಸಾಲಿಗೆ ಸೇರುತ್ತವೆ. ತುಪ್ಪ ಬೆರೆಸಿದ ಲೇಹ್ಯಗಳಿಗೂ ನಿಯಮ ನೋಡಿಕೊಂಡೇ ಮುಂದುವರಿಯಬೇಕು. ಹಸಿ ಕರಿಬೇವು ಬೇಡ. ಒಣಗಿಸಿ ಚಟ್ನಿಪುಡಿಯಲ್ಲಿ ಕುಟ್ಟಿ ಹಾಕಿರಿ. ಆಸ್ಟ್ರೇಲಿಯಕ್ಕೆ ಹೋಗುವವರು ತಾವು ಒಯ್ದ ಪ್ರತಿಯೊಂದು ತಿನಿಸನ್ನೂ ಪತ್ರದಲ್ಲಿ ಬರೆದು ತಿಳಿಸಲೇಬೇಕು. ಇಡಿಯಾದ ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೆಂಕಿಗೆ ಎಡೆಮಾಡಿಕೊಡುತ್ತದೆಂದು ವಿಮಾನದಲ್ಲಿ ಅದನ್ನು ಬಿಡುವುದಿಲ್ಲ.

ಗಸಗಸೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸಿಂಗಾಪುರಗಳಲ್ಲಿ ಅದು ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ನಮ್ಮ ಮಸಾಲೆಪುಡಿಯಲ್ಲಿ, ಉಂಡಿಗಳಲ್ಲಿ ಅದು ಸಹಜವಾಗಿ ಬೆರೆತಿರುತ್ತದೆ. ದುಬೈ ಮಾರ್ಗವಾಗಿ ಹೋಗುವವರ ಸಾಮಾನಿನಲ್ಲಿ ಒಂದು ಕಾಳೂ ಇರಬಾರದು.

ಈಗ ನಮ್ಮ ಆಯುರ್ವೇದದ ಬಗೆಗೇ ನೇರ ಮಾತು. ಚಿನ್ನ, ಪಾರದ, ಸೀಸ, ಅಭ್ರಕಾದಿ ಭಸ್ಮಗಳನ್ನು ಒಳಗೊಂಡ ರಸೌಷಧಿಗಳನ್ನು ಪರದೇಶಕ್ಕೆ ಕಟ್ಟಿಕೊಡಬಾರದು. 2004ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಾಸ್ಟನ್ ಪರಿಸರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರಲ್ಲಿ ಸೀಸ, ಪಾರದ ಅಥವಾ ಆರ್ಸೆನಿಕ್ ಕಂಡುಬಂದವು. ವೈದ್ಯನ ಕಣ್ಣಳತೆಯಲ್ಲಿ, ರೋಗಿಯ ಬಲಾಬಲ ನೋಡಿ ಕೊಡಬೇಕಾದ ಔಷಧಿ, ವೈದ್ಯನಿಲ್ಲದ ಕಡೆ ಡಬ್ಬಿ ಡಬ್ಬಿಯಾಗಿ ಹೋಗಬಾರದು. ಜಾತೀಫಲಾದಿ ಚೂರ್ಣದಂತಹ ಯೋಗಗಳಲ್ಲಿ ವಿಜಯಾ ಎಂಬ ಹೆಸರಿನ ಭಂಗಿ ಇರುತ್ತದೆ. ಅದು ಗಡಿಯಲ್ಲಿ ಸಿಕ್ಕರೆ ಮಗುವಿನ ಓದು ಅಲ್ಲಿಗೇ ನಿಲ್ಲಬಹುದು. ನಾವು ನಿತ್ಯ ಕೊಡುವ ಅಶ್ವಗಂಧವನ್ನು ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿದೆ. ಆದ್ದರಿಂದ ಹೋಗುವ ದೇಶದ ನಿಯಮವನ್ನು ತಿಳಿದೇ ಔಷಧಿ ಕಟ್ಟಬೇಕು.

ಒಯ್ಯಲು ನಾವು ಹೇಳುವುದು ಇಷ್ಟೇ: ಒಣಶುಂಠಿ, ಅಜವಾನ, ಜೀರಿಗೆ, ಮೂಲ ಪೊಟ್ಟಣ ಒಡೆಯದ ತ್ರಿಫಲಾ ಮತ್ತು ಹಿಂಗ್ವಷ್ಟಕ ಚೂರ್ಣ, ಜೊತೆಗೆ ಜ್ವರಮಾಪಕ, ಓ.ಆರ್.ಎಸ್. ಪುಡಿ, ಪ್ಯಾರಾಸಿಟಮಾಲ್. ಆಸ್ತಮಾ, ಥೈರಾಯ್ಡ್, ಅಪಸ್ಮಾರ, ಮಧುಮೇಹಗಳಿಗೆ ನಿತ್ಯ ಔಷಧಿ ಸೇವಿಸುವವರು ತಮ್ಮ ವೈದ್ಯರಿಂದ, ಔಷಧಿಯ ಮೂಲನಾಮವನ್ನು ಕಾಣಿಸಿದ ಆಂಗ್ಲ ಪತ್ರವನ್ನು ಪಡೆದು, ಔಷಧಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಆ ಔಷಧಿಗಳನ್ನು ನಿಲ್ಲಿಸಿ ಚೂರ್ಣದಲ್ಲಿ ಸಾಗಿಸುತ್ತೇವೆಂಬ ಧೈರ್ಯ ಬೇಡ. ಅಭ್ಯಂಗಕ್ಕೆ ಸ್ವಲ್ಪ ಎಳ್ಳೆಣ್ಣೆ ಇರಲಿ. ಬಿಸಿಯಂತ್ರದ ಒಣಗಾಳಿಗೆ ಚರ್ಮ ಬಿರಿಯುತ್ತದೆ. ವಾರಕ್ಕೆರಡು ದಿನ ತೆಳುವಾಗಿ ಹಚ್ಚಿ, ಬಟ್ಟೆಯಿಂದ ಒರೆಸಿ ಸ್ನಾನ ಮಾಡಬೇಕು. ಎಣ್ಣೆ ಬಿದ್ದ ಸ್ನಾನದ ತೊಟ್ಟಿಯಲ್ಲಿ ಜಾರಿ ಬೀಳುವುದು ಸುಲಭ. ನಂತರ ಬರುವವರೂ ಜಾರಬಾರದು, ತೊಟ್ಟಿಯನ್ನು ಸೋಪಿನಿಂದ ತೊಳೆದೇ ಬರಬೇಕು.

ಹೊರಡುವ ಮುನ್ನದ ಪರೀಕ್ಷೆಗಳು

ಹಲ್ಲನ್ನು ಮೊದಲು ತೋರಿಸಿಕೊಳ್ಳಿ. ಪರದೇಶದಲ್ಲಿ ದಂತಚಿಕಿತ್ಸೆಯ ವೆಚ್ಚ ಬಹಳ. ಕನ್ನಡಕ ಹಾಕುವವರು ಎರಡು ಜೊತೆ ಮಾಡಿಸಿ, ಅಳತೆಯ ಚೀಟಿ ಒಯ್ಯಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್, ವಿಟಮಿನ್ ಬಿ12, ವಿಟಮಿನ್ ಡಿ ನೋಡಿಸಬೇಕು. ನಮ್ಮ ಶಾಕಾಹಾರಿ ಮಕ್ಕಳಲ್ಲಿ ಬಿ12 ಕೊರತೆ ಸಾಮಾನ್ಯ. ಕಾಲು ಜುಮ್ಮೆನ್ನುವುದು, ಮರೆವು, ದಣಿವುಗಳನ್ನು ಓದಿನ ಆಯಾಸವೆಂದು ತಳ್ಳಿಹಾಕಬಾರದು. ಹೆಣ್ಣುಮಕ್ಕಳು ಋತುಸ್ರಾವದ ತೊಂದರೆಗಳನ್ನು ನಾಚಿಕೆ ಬಿಟ್ಟು ಹೇಳಿ, ಇಲ್ಲಿಯೇ ಚಿಕಿತ್ಸೆ ಮುಗಿಸಿಕೊಳ್ಳುವುದು ಲೇಸು.

ಲಸಿಕೆಯ ವಿಷಯದಲ್ಲಿ ಅಸಡ್ಡೆ ಸಲ್ಲದು. ಅನೇಕ ದೇಶಗಳ ಯುವಕರು ಒಂದೇ ಸೂರಿನಡಿ ಕೂಡುವ ವಿದ್ಯಾರ್ಥಿನಿಲಯಗಳಲ್ಲಿ ಮಿದುಳುಪೊರೆಯ ಉರಿಯೂತ ಉಂಟುಮಾಡುವ ಮೆನಿಂಗೊಕಾಕಲ್ ಸೋಂಕು ಹರಡುವುದುಂಟು. ಅದು ಒಂದೇ ದಿನದಲ್ಲಿ ಪ್ರಾಣ ತೆಗೆಯಬಲ್ಲದು. ಒಂದೇ ಗಾಳಿ, ಒಂದೇ ನೀರು ಹಂಚಿಕೊಂಡ ಜನಸಮೂಹಕ್ಕೆ ಒಟ್ಟಾಗಿ ರೋಗ ಬರುವ ಬಗೆಯನ್ನು ಚರಕರು ಜನಪದೋಧ್ವಂಸದ ಅಧ್ಯಾಯದಲ್ಲಿ ವಿಚಾರ ಮಾಡಿದ್ದಾರೆ. ಮೆನಿಂಗೊಕಾಕಲ್ ಲಸಿಕೆ, ದಡಾರ-ಮಂಗಬಾವು-ರುಬೆಲ್ಲಾ ಲಸಿಕೆಯ ಎರಡು ವರಸೆ, ಧನುರ್ವಾಯು ಲಸಿಕೆ ಇವುಗಳ ಬಗೆಗೆ ವಿಶ್ವವಿದ್ಯಾಲಯ ಏನು ಕೇಳಿದೆ ಎಂಬುದನ್ನು ಓದಿ, ಎರಡು ತಿಂಗಳು ಮೊದಲೇ ಹಾಕಿಸಿ, ದಾಖಲೆ ಇಟ್ಟುಕೊಳ್ಳಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿಗೆ ಹೋಗುವವರು ಅವರು ಒಪ್ಪಿದ ಆಸ್ಪತ್ರೆಯಲ್ಲಿಯೇ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು.

ಚಿಕಿತ್ಸೆಯ ಹಕ್ಕನ್ನು ಮೊದಲೇ ಕೊಂಡಿರುತ್ತೇವೆಂಬುದನ್ನು ಮರೆಯಬಾರದು. ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿ 2024ರ ಫೆಬ್ರುವರಿಯಿಂದ ವರ್ಷಕ್ಕೆ 776 ಪೌಂಡುಗಳ ಆರೋಗ್ಯಶುಲ್ಕವನ್ನು ವೀಸಾದೊಡನೆ ಕಟ್ಟುತ್ತಾನೆ. ಜರ್ಮನಿಯಲ್ಲಿ ಆರೋಗ್ಯವಿಮೆಯಿಲ್ಲದೆ ಪ್ರವೇಶವೇ ಪೂರ್ತಿಯಾಗುವುದಿಲ್ಲ. ಇಷ್ಟಾದರೂ ಖರ್ಚಾದೀತೆಂದು ಹೆದರಿ, ಎದೆನೋವನ್ನೂ ಜ್ವರವನ್ನೂ ನುಂಗಿಕೊಂಡು ಕೂಡುವ ಮಕ್ಕಳಿದ್ದಾರೆ. ಬ್ರಿಟನ್ನಿನಲ್ಲಿ ಇಳಿದ ಮೊದಲ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ನೋಂದಾಯಿಸಬೇಕು. ಪ್ರಾಣಾಪಾಯದಲ್ಲಿ ಅಲ್ಲಿ 999, ಯುರೋಪಿನಾದ್ಯಂತ 112ಕ್ಕೆ ಕರೆ ಮಾಡಬೇಕು. ತಡೆಯಲಾಗದ ತಲೆನೋವು, ಕತ್ತು ಬಿಗಿತ, ಬೆಳಕು ಸಹಿಸದಿರುವುದು, ಗಾಜಿನ ಲೋಟವನ್ನು ಒತ್ತಿದರೂ ಮಾಸದ ಮೈಮೇಲಿನ ಕೆಂಪು ಕಲೆ ಇವು ಕಂಡರೆ ಬೆಳಗಾಗುವವರೆಗೆ ಕಾಯಬಾರದು.

ಸತ್ಯದ ಒಪ್ಪಂದ

ಕೊನೆಯ ಮಾತು ಮನಸ್ಸಿನದು. ಬೆಳಗಾವಿಯಲ್ಲಿ 2010ರಿಂದ ಮಲೇಷ್ಯಾದ ವಿದ್ಯಾರ್ಥಿಗಳು ಯೂನಿವರ್ಸಿಟಿ ಸೇನ್ಸ್ ಮಲೇಷ್ಯಾ ಮತ್ತು ಕೆ.ಎಲ್.ಇ. ಜಂಟಿಯಾಗಿ ನಡೆಸಿದ ವೈದ್ಯಕೀಯ ಶಿಕ್ಷಣಕ್ಕೆ ಬಂದವರು. ನಮ್ಮ ಖಾರ, ನಮ್ಮ ಬಿಸಿಲು, ನಮ್ಮ ಭಾಷೆ ಅವರಿಗೆ ಪರದೇಶವೇ. ಅವರಂತಹ ಮಕ್ಕಳನ್ನು ನಾವು ಎಷ್ಟು ಮಮತೆಯಿಂದ ಮಾತಾಡಿಸಬೇಕೋ, ಅಷ್ಟೇ ಮಮತೆಯ ಜನ ಅಲ್ಲಿಯೂ ಇರುತ್ತಾರೆಂಬ ನಂಬಿಕೆಯಿಂದ ಹೊರಡಬೇಕು. ಮೊದಲ ತಿಂಗಳು ಅಳು ಬರುವುದು, ಮನೆಯ ನೆನಪು ಕಾಡುವುದು ರೋಗವಲ್ಲ. ಎರಡು ವಾರ ಬಿಡದೆ ಉತ್ಸಾಹ ಉಡುಗಿದರೆ, ಊಟ ನಿದ್ದೆ ಕೆಟ್ಟರೆ, ತರಗತಿಗೆ ಹೋಗುವುದು ತಪ್ಪಿದರೆ, ಬದುಕು ಬೇಡವೆನಿಸಿದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವವಿದ್ಯಾಲಯದ ಆಪ್ತಸಲಹೆಗಾರರ ಬಳಿ ಹೋಗುವುದರಲ್ಲಿ ಹಲ್ಲುನೋವಿಗೆ ವೈದ್ಯರ ಬಳಿ ಹೋಗುವುದಕ್ಕಿಂತ ಹೆಚ್ಚಿನ ನಾಚಿಕೆಯೇನೂ ಇಲ್ಲ. ಇಲ್ಲಿ ಚಿಂತೆಗೀಡಾದ ತಾಯಿತಂದೆಗಳಿಗೂ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ನಮ್ಮ ಕಡೆಯ ಫೋನಿನ ಮಾತು ಎರಡೇ: “ಊಟ ಆತೇನು?” “ಆತು, ಆರಾಮ ಅದೀನಿ.” ಈ ಎರಡರ ಹಿಂದೆ ಎಷ್ಟೋ ಸಂಗತಿ ಅಡಗಿರುತ್ತದೆ. ಇಂದು ಏನು ಅಡಿಗೆ ಮಾಡಿದೆ, ಯಾರ ಜೊತೆ ಕುಳಿತು ಉಂಡೆ, ನಿನ್ನೆ ಎಷ್ಟಕ್ಕೆ ಮಲಗಿದೆ ಎಂದು ಕೇಳಿದರೆ ನಿಜಸ್ಥಿತಿ ತಾನಾಗಿ ತಿಳಿಯುತ್ತದೆ. ಮುಚ್ಚಿಡುವುದು ಮಕ್ಕಳೊಬ್ಬರೇ ಅಲ್ಲ. ತಂದೆಗೆ ಸಕ್ಕರೆಕಾಯಿಲೆ ಏರಿದ್ದನ್ನು, ತಾಯಿ ಆಸ್ಪತ್ರೆ ಸೇರಿದ್ದನ್ನು “ಪರೀಕ್ಷೆ ಮುಗಿಯಲಿ” ಎಂದು ತಿಂಗಳುಗಟ್ಟಲೆ ಹೇಳದಿರುವ ಮನೆಗಳನ್ನು ನಾವು ಬಲ್ಲೆವು. ಒಂದು ಸಲ ಹಾಗೆ ತಿಳಿದ ಮಗು ಮುಂದೆ ಪ್ರತಿ ಸಲ ಮನೆಯವರು “ಆರಾಮ ಅದೀವಿ” ಎಂದಾಗಲೂ ನಂಬದೆ ತಳಮಳಿಸುತ್ತದೆ.

ಆದುದರಿಂದ ಹೊರಡುವ ಹಿಂದಿನ ದಿನ ಪೆಟ್ಟಿಗೆ ತೂಗಿದ ಮೇಲೆ ಮನೆಯವರೆಲ್ಲ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಬೇಕು: ಅಲ್ಲಿಯ ಕಾಯಿಲೆಯನ್ನು ಮಗು ಮುಚ್ಚಿಡುವುದಿಲ್ಲ, ಇಲ್ಲಿಯ ಕಾಯಿಲೆಯನ್ನು ಹಿರಿಯರು ಮುಚ್ಚಿಡುವುದಿಲ್ಲ, ಓದು ಕೈಹತ್ತದೆ ನಡುವೆ ಮರಳಿ ಬರಬೇಕಾದರೂ ಮನೆಯ ಬಾಗಿಲು ತೆರೆದೇ ಇರುತ್ತದೆ. ಈ ಕೊನೆಯ ಮಾತನ್ನು ತಂದೆಯಾದವನು ತನ್ನ ಬಾಯಿಂದಲೇ, ಮಗುವಿನ ಮುಖ ನೋಡಿ ಹೇಳಬೇಕು. ಅದಕ್ಕೆ ತೂಕವಿಲ್ಲ, ತೆರಿಗೆಯಿಲ್ಲ. ಯಾವ ಗಡಿಯಲ್ಲಿಯೂ ಅದನ್ನು ಯಾರೂ ಕಸಿದುಕೊಳ್ಳಲಾರರು.